ಅವ್ವ ಇಟ್ಟ ಬ್ಯಾಟರಿ

ಸಂಗಮೇಶನ ತಲೆ ಕೆಟ್ಟದ್ದು ಒಂದೇ ಸಾಲಿನ ಮೆಸೇಜಿನಿಂದ. "ಬರುವಾಗ ನಿನ್ನದೇ ಹೆಡ್‌ಲ್ಯಾಂಪ್ ತಾ, ಸ್ಯಾಮ್" ಎಂದು ಮ್ಯಾನೇಜರ್ ಡೇಲ್ ಬರೆದಿದ್ದ. ಪಕ್ಕದಲ್ಲೊಂದು ನಗುವ ಮುಖ ಹಾಕಿದ್ದ. ಆ ನಗುವ ಮುಖವೇ ಎಲ್ಲಾ ಅನಾಹುತಕ್ಕೆ ಮೂಲ.

ಯಾಕೆಂದರೆ ಸಂಗಮೇಶನ ಹೊಟ್ಟೆಪಾಡೇ ಹೆಡ್‌ಲ್ಯಾಂಪು. ಅಮೆರಿಕದ ಟ್ರಾಯ್ ಎಂಬ ಊರಿನ ಒಂದು ಕಂಪನಿಯಲ್ಲಿ ಕಾರಿನ ಮುಂದಿನ ದೀಪಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು ಅವನು. ನಾವು ನೀವು ಹೆಡ್‌ಲೈಟ್ ಅಂತೀವಿ. ಆ ಆಫೀಸಿನಲ್ಲಿ ಹಾಗಂದರೆ ಮರ್ಯಾದೆ ಇಲ್ಲ, ಹೆಡ್‌ಲ್ಯಾಂಪ್ ಅನ್ನಬೇಕು. ಇಡೀ ಆಫೀಸಿಗೆ ಅವನು 'ಹೆಡ್‌ಲ್ಯಾಂಪ್ ಸ್ಯಾಮ್'. ಆದರೆ ಪಾಪ, ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪನ್ನು ಅವನು ಈ ಜನ್ಮದಲ್ಲಿ ಮುಟ್ಟಿ ನೋಡಿರಲಿಲ್ಲ.

ಪ್ರತಿ ನವೆಂಬರಿನಲ್ಲಿ ಡೇಲ್ ಆಫೀಸಿನ ನಾಲ್ಕೈದು ಜನರನ್ನು ಮಿಶಿಗನ್ನಿನ ಉತ್ತರದ ಕಾಡಿನಲ್ಲಿರುವ ತನ್ನ ಗುಡಿಸಲಿಗೆ ಜಿಂಕೆ ಬೇಟೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಬೆಂಕಿ ಸುತ್ತ ಕೂತು ಆಡಿದ ಮಾತೇ ಸೋಮವಾರದ ಮೀಟಿಂಗಿನಲ್ಲಿ ತೀರ್ಮಾನವಾಗಿ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಈ ವರ್ಷ ಮೊದಲ ಸಲ ಸಂಗಮೇಶನಿಗೆ ಕರೆ ಬಂದಿತ್ತು. "ನಾನು ಸಸ್ಯಾಹಾರಿ" ಎಂದು ಅವನು ತಡವರಿಸಿದಾಗ ಡೇಲ್, "ಬಂದೂಕು ಮುಟ್ಟಬೇಡ ಮಾರಾಯ, ಬೆಂಕಿ ಮುಂದೆ ಕೂತಿರು" ಎಂದಿದ್ದ.

ಅವನು ಆಸೆಪಟ್ಟದ್ದು ಹೊಸ ಪ್ರಾಜೆಕ್ಟಿನ ಲೀಡ್ ಹುದ್ದೆಗೆ. ಎದುರಿನ ಗಾಡಿಯವನ ಕಣ್ಣಿಗೆ ಬೀಳದಂತೆ ಬೆಳಕನ್ನು ತಾನೇ ಸರಿಸಿಕೊಳ್ಳುವ ಜಾಣ ಹೆಡ್‌ಲ್ಯಾಂಪ್ ತಯಾರಾಗಬೇಕಿತ್ತು. ಅದು ಕೈತಪ್ಪಿದರೆ ಉಳಿಯುವುದು ಹ್ಯಾಲೊಜೆನ್ ರೂಮು. ಹಳೇ ಕಾರುಗಳ ಹಳದಿ ದೀಪಕ್ಕೆ ಬಿಡಿಭಾಗ ನೋಡಿಕೊಳ್ಳುವ, ಕಿಟಕಿ ಇಲ್ಲದ ಆ ಕೋಣೆಗೆ ಹೋದವರು ರಿಟೈರ್‌ಮೆಂಟ್ ಕೇಕ್ ಕತ್ತರಿಸುವುದಕ್ಕೆ ಮಾತ್ರ ಹೊರಗೆ ಬರುತ್ತಿದ್ದರು. ಅಲ್ಲಿನ ಯಜಮಾನನ ಕೇಕಿಗೆ ಆಗಲೇ ಆರ್ಡರ್ ಹೋಗಿತ್ತು.

ಹೊರಡುವ ದಿನ ಬೆಳಿಗ್ಗೆ ಡೈನಿಂಗ್ ಟೇಬಲ್ಲಿನ ಮೇಲೆ ಮೂರು ಹೆಡ್‌ಲ್ಯಾಂಪ್ ಕೂತಿದ್ದವು. ಒಂದು ಹಗುರ, ಆದರೆ ಬೆಳಕು ಮಂದ. ಇನ್ನೊಂದು ಪ್ರಖರ, ಆದರೆ ಹಣೆಯ ಮೇಲೆ ಕಲ್ಲು ಹೊತ್ತಂತೆ. ಮೂರನೆಯದು ಎಲ್ಲಾ ಸರಿ, ಪಟ್ಟಿ ಮಾತ್ರ ಕಣ್ಣಿನ ಮೇಲೆ ಜಾರುತ್ತಿತ್ತು. ಸಂಗಮೇಶ ಒಂದೊಂದನ್ನೇ ಕಟ್ಟಿಕೊಂಡು ಕತ್ತಲೆಯ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಗೊಣಗುತ್ತಾ ಹೊರಗೆ ಬರುವುದು ನಡೆದಿತ್ತು.

ಹೆಂಡತಿ ವಿನಿತಾ ಕಾಫಿ ಹಿಡಿದು ಇದನ್ನೆಲ್ಲ ನೋಡಿದಳು. "ಅಲ್ರೀ, ನನ್ನ ನೋಡಾಕ ಬಂದಾಗ ಒಂದು ಪ್ಲೇಟ್ ಉಪ್ಪಿಟ್ಟು ಮುಗಿಯೂದ್ರಾಗ ಹೂಂ ಅಂದಿದ್ರಿ. ಈ ದೀಪಕ್ಕ ವಾರಗಟ್ಲೆ ಕನ್ಯಾಪರೀಕ್ಷೆ ನಡಸೀರಲ್ಲ!"

"ಇದು ನನ್ನ ಮರ್ಯಾದಿ ಪ್ರಶ್ನೆ. ನೀ ಸುಮ್ನಿರು."

"ನಾನೂ ಮರ್ಯಾದಿ ಪ್ರಶ್ನೆನ ಇದ್ದೆ" ಎಂದು ವಿನಿತಾ ಒಳಗೆ ಹೋದಳು.

ಗುಳೇದಗುಡ್ಡದಿಂದ ಬಂದು ಮಗನ ಮನೆಯಲ್ಲಿದ್ದ ಮಲ್ಲಮ್ಮ ರೊಟ್ಟಿ ಬಡಿಯುತ್ತಾ ಫ್ರಿಜ್ಜಿನ ತಲೆಯ ಕಡೆ ಕೈ ತೋರಿಸಿದಳು. ಅಲ್ಲಿ ಅವಳು ಊರಿಂದ ಸೀರೆಯಲ್ಲಿ ಸುತ್ತಿ ತಂದ, ಮೊಳದುದ್ದದ ಸ್ಟೀಲ್ ಟಾರ್ಚು ನಿಂತಿತ್ತು. ಹಿಂದಿನ ಬೇಸಿಗೆಯಲ್ಲಿ ಗಾಳಿಗೆ ಕರೆಂಟು ಹೋದಾಗ ಇಡೀ ಮನೆಗೆ ಅದೇ ದಿಕ್ಕಾಗಿತ್ತು. "ಇಷ್ಟ್ಯಾಕ ತಲಿ ಕೆಡಿಸ್ಕೋತಿ ಸಂಗ್ಯಾ? ನನ್ನ ಬ್ಯಾಟರಿ ಒಯ್ಯಿ. ನಿಮ್ಮಪ್ಪ ಹೊಲಕ್ಕ ನೀರು ಹಾಯಿಸಾಕ ಇದನ್ನ ಹಿಡ್ಕೊಂಡು ಹೋಗ್ತಿದ್ದ. ಹಾವು ಸೈತ ದಾರಿ ಬಿಡ್ತಿತ್ತು."

"ಯವ್ವಾ, ನಾ ಹೆಡ್‌ಲ್ಯಾಂಪ್ ಇಂಜಿನಿಯರ್ ಅದೀನಿ. ಅದನ್ನ ಒಯ್ದ್ರ ನಗ್ತಾರ."

"ನಕ್ರ ನಗಲಿ. ಬೆಳಕು ಬಿದ್ದ್ರ ಸಾಕು."

ಅಷ್ಟರಲ್ಲಿ ಡೋರ್‌ಬೆಲ್ ಆಯಿತು. ಎದುರು ಮನೆಯ ಅಶ್ವಥ್. ಮೈಸೂರಿನವರು, ಒಳ್ಳೆಯವರು, ಕೇಳದಿದ್ದರೂ ಸಲಹೆ ಕೊಡುವುದೊಂದೇ ದೋಷ. ಹತ್ತು ವರ್ಷದ ಹಿಂದೆ ಒಮ್ಮೆ ಟೆಂಟಿನಲ್ಲಿ ಮಲಗಿದ್ದರು. ಅಂದಿನಿಂದ ಕಾಡಿನ ವಿಷಯದಲ್ಲಿ ಅವರ ಮಾತೇ ಕೊನೆ. ಟೇಬಲ್ ನೋಡಿದ್ದೇ ಕೆನ್ನೆಗೆ ಕೈ ಇಟ್ಟರು.

"ಏನ್ರೀ ಸಂಗಮೇಶ್, ಇವೆಲ್ಲಾ ಬರೀ ಬಿಳಿ ಬೆಳಕು! ಕೆಂಪು ಎಲ್ಲಿ? ಕೆಂಪಿಲ್ದೆ ಡೀರ್ ಕ್ಯಾಂಪಿಗೆ ಹೋಗ್ತಾರಾ? ಜಿಂಕೆಗೆ ಕೆಂಪು ಅಷ್ಟಾಗಿ ಕಾಣಲ್ಲ. ಬಿಳಿ ಬಿಟ್ರೆ ಒಂದೇ ನೆಗೆತಕ್ಕೆ ಕೆನಡಾ ಸೇರ್ಕೊಳುತ್ತೆ. ನಿಮ್ಮ ಬಾಸು ನಿಮ್ಮನ್ನೇ ಶೂಟ್ ಮಾಡ್ತಾರೆ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಜಿಂಕಿ?" ಎಂದಳು ಮಲ್ಲಮ್ಮ. "ಕ್ಯಾಂಪ್ ಅಂದಿ, ಜಿಂಕಿ ಎಲ್ಲಿಂದ ಬಂತೋ?"

ಸಂಗಮೇಶ ಅಶ್ವಥರನ್ನು ನುಂಗುವಂತೆ ನೋಡಿದ. "ಅವರು ಹೊಡೀತಾರ ಬೇ. ನಾ ಆ ಕಡೆ ಹೊಳ್ಳಿ ಸೈತ ನೋಡಂಗಿಲ್ಲ. ನಾ ಅಡಗಿ ಮಾಡ್ಕೊಂಡು ಇರ್ತೀನಿ."

"ನೀನು? ಅಡಗಿ?" ಮಲ್ಲಮ್ಮನಿಗೆ ಜಿಂಕೆಗಿಂತ ಇದೇ ಹೆಚ್ಚು ಆಘಾತವಾಯಿತು. "ಮನ್ಯಾಗ ಒಂದಿನ ಚಾ ಕಾಸೀಯೇನು? ತಡಿ, ಇನ್ನೊಂದು ಹತ್ತು ರೊಟ್ಟಿ ಬಡೀತೀನಿ. ಆದ್ರ ಯಾವ ಜೀವಕ್ಕೂ ಕೈ ಹಚ್ಚಬ್ಯಾಡ, ಹೇಳೀನಿ."

ಕೆಂಪು ದೀಪ ಹುಡುಕಿಕೊಂಡು ಇಬ್ಬರೂ ರಾಚೆಸ್ಟರ್ ರಸ್ತೆಯ ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಒಂದು ಗೋಡೆ ತುಂಬಾ ಹೆಡ್‌ಲ್ಯಾಂಪು. ಸಂಗಮೇಶ ಒಂದೊಂದನ್ನೇ ಹಣೆಗೆ ಕಟ್ಟಿದ, ಬಿಚ್ಚಿದ. ಅಶ್ವಥ್ ಎದುರು ನಿಂತು, "ನನ್ನ ಕಡೆ ನೋಡಿ... ಅಯ್ಯೋ ಕಣ್ಣು! ಇದು ಬೇಡ" ಎನ್ನುತ್ತಾ ಹೋದರು. ಕೊನೆಗೆ ಒಂದು ಸಿಕ್ಕಿತು: ಹಗುರ, ಕೆಂಪೂ ಇದೆ, ಬಿಳಿಯೂ ಇದೆ, ಪಟ್ಟಿ ಜಾರುವುದಿಲ್ಲ, ಕೈಗವಸು ಹಾಕಿಕೊಂಡೇ ಗುಂಡಿ ಒತ್ತಬಹುದು. ಸಂಗಮೇಶನಿಗೆ ಉಪ್ಪಿಟ್ಟಿನ ದಿನ ಆದಷ್ಟೇ ಸಂತೋಷವಾಯಿತು.

ಆ ಸಂತೋಷದಲ್ಲಿ ಅದನ್ನು ಎಲ್ಲಿಟ್ಟನೋ ಮರೆತುಹೋಯಿತು. ಇಬ್ಬರೂ ಗೋಡೆಯನ್ನೆಲ್ಲ ತಡಕಾಡಿದರು. ಇನ್ನೊಬ್ಬ ಯಾರೋ ಗಿರಾಕಿ ಎತ್ತಿಕೊಂಡು ಹೋಗಿರಬೇಕು, ಬೇಗ ಹೋಗಿ ಬಾಗಿಲ ಹತ್ತಿರ ನೋಡೋಣ ಎಂದರು ಅಶ್ವಥ್. ಸಂಗಮೇಶ ಬಾಗಿಲಿಗೆ ಓಡಿದ್ದೇ ತಡ, ಅಲಾರಂ ಕಿರುಚಿಕೊಂಡಿತು. ಅಂಗಡಿಯ ಹುಡುಗಿ ಹತ್ತಿರ ಬಂದು ಬಹಳ ಮೃದುವಾಗಿ, "ಸರ್, ಅದು ನಿಮ್ಮ ತಲೆ ಮೇಲಿದೆ" ಎಂದಳು. ಬೆಲೆಯ ಚೀಟಿ ಅವನ ಹುಬ್ಬಿನ ಮುಂದೆ ತೂಗಾಡುತ್ತಿತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ" ಎಂದು ಅಶ್ವಥ್ ದಾರಿಯುದ್ದಕ್ಕೂ ನಕ್ಕರು. ನಗುತ್ತಲೇ ಡಬ್ಬಿ ಬಿಚ್ಚಿ, ಹೆಡ್‌ಲ್ಯಾಂಪಿನ ಹೊಟ್ಟೆ ತೆಗೆದು, ಅದರೊಂದಿಗೆ ಬಂದಿದ್ದ ಮೂರು ಸೆಲ್ಲುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

"ಏನ್ ಮಾಡಾಕತ್ತೀರಿ?"

"ಈ ಬ್ಯಾಟರಿ ನಂಬ್ಕೊಂಡು ಹೋದ್ರೆ ಕೆಟ್ರಿ. ಅಲ್ಲಿ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ, ನೀರೇ ಹೆಪ್ಪುಗಟ್ಟೋ ಚಳಿ, ಇವು ಅರ್ಧ ಗಂಟೇಲಿ ಮಂಕಾಗುತ್ತೆ. ಲಿಥಿಯಂ ತಗೊಳ್ಳಿ, ಚಳೀಗೆ ಬಗ್ಗಲ್ಲ. ಇವು ನನ್ನ ಟಿವಿ ರಿಮೋಟ್‌ಗೆ ಆಗುತ್ತೆ."

ಮಾತು ಸರಿಯಾಗಿಯೇ ಇತ್ತು. ದಾರಿಯಲ್ಲಿ ಲಿಥಿಯಂ ಪ್ಯಾಕೆಟ್ ಕೊಂಡು ಮನೆಗೆ ಬಂದರು. ಸಂಗಮೇಶ ಪ್ಯಾಕೆಟ್ಟನ್ನು ಕಿಚನ್ ಕಟ್ಟೆಯ ಮೇಲಿಟ್ಟು, ಹೆಡ್‌ಲ್ಯಾಂಪನ್ನು ಜಾಕೆಟ್ ಜೇಬಿಗೆ ಸೇರಿಸಿ, ಸ್ಲೀಪಿಂಗ್ ಬ್ಯಾಗ್ ತುಂಬಲು ಗರಾಜಿಗೆ ಓಡಿದ. ಹೊತ್ತಾಗಿತ್ತು. ಡ್ರೈವ್‌ವೇಯಲ್ಲಿ ಕಾರ್ ಸ್ಟಾರ್ಟ್ ಮಾಡಿ ಅಲ್ಲಿಂದಲೇ ಕೂಗಿದ: "ಯವ್ವಾ, ರೊಟ್ಟಿ ಚೀಲದಾಗ ಬ್ಯಾಟರಿ ಇಡ ಬೇ! ಮರೀಬ್ಯಾಡ!"

"ಯಾವ ಬ್ಯಾಟರಿ?"

"ಅಲ್ಲೇ ಕಿಚನ್‌ನಾಗ ಐತಲ್ಲ, ಅದ!"

"ಹಾಂ, ಈಗ ಬುದ್ಧಿ ಬಂತು ನೋಡು" ಎಂದಳು ಮಲ್ಲಮ್ಮ. ಸಂಗಮೇಶನಿಗೆ ಅದು ಕೇಳಿಸಲಿಲ್ಲ. ವಿನಿತಾ ಚೀಲ ತಂದು ಹಿಂದಿನ ಸೀಟಿನಲ್ಲಿಟ್ಟು, "ಎಷ್ಟ್ ರೊಟ್ಟಿ ಇಟ್ಟಾರೋ, ಭಾಳ ಭಾರ ಐತಿ" ಎಂದಳು. ಅವನು ಕೈ ಬೀಸಿ ಹೊರಟೇಬಿಟ್ಟ.

ಐ-75 ಹೆದ್ದಾರಿ ಹಿಡಿದು ಇನ್ನೂರು ಮೈಲಿ ಉತ್ತರಕ್ಕೆ ಹೋಗಿ, ಎಕ್ಸಿಟ್ ತೆಗೆದುಕೊಂಡು, ಟಾರು ಮುಗಿದು ಮಣ್ಣಿನ ದಾರಿ ಬಂದು, ಅವನು ಡೇಲ್‌ನ ಗುಡಿಸಲು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿದ್ದ. ದೀಪ ಕೊಡುವ ಜನರೇಟರು ಕೆಮ್ಮಿ ಕೆಮ್ಮಿ ಸತ್ತಿತ್ತು. ನಾಲ್ಕು ಜನ ಗಡ್ಡದವರು ತಲೆಗೆ ಮಿಣುಕು ದೀಪ ಕಟ್ಟಿಕೊಂಡು ಅದರ ಸುತ್ತ ಬಗ್ಗಿದ್ದರು.

"ಬಂದ ನೋಡಿ ಹೆಡ್‌ಲ್ಯಾಂಪ್ ಸ್ಯಾಮ್!" ಎಂದು ಡೇಲ್ ಕೂಗಿದ. "ನಮ್ಮವೆಲ್ಲಾ ಆಟದ ಸಾಮಾನು. ತಗಿ ನಿನ್ನ ಅಸಲಿ ಮಾಲು."

ಸಂಗಮೇಶ ಗಂಭೀರವಾಗಿ ಜೇಬಿನಿಂದ ಹೆಡ್‌ಲ್ಯಾಂಪ್ ತೆಗೆದ, ಹಣೆಗೆ ಕಟ್ಟಿದ, ಗುಂಡಿ ಒತ್ತಿದ. ಕತ್ತಲೆ. ಸೆಲ್ ಹಾಕಿಲ್ಲ ಎಂದು ನೆನಪಾಗಿ ನಗುತ್ತಾ ರೊಟ್ಟಿ ಚೀಲಕ್ಕೆ ಕೈ ಹಾಕಿದ. ರೊಟ್ಟಿ ಸಿಕ್ಕಿತು. ಶೇಂಗಾ ಚಟ್ನಿ ಡಬ್ಬಿ ಸಿಕ್ಕಿತು. ಅದರ ಕೆಳಗೆ ತಣ್ಣಗೆ, ಉದ್ದಕ್ಕೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಇನ್ನೇನೋ ಸಿಕ್ಕಿತು. ಅವ್ವನ ಟಾರ್ಚು. ಗುಳೇದಗುಡ್ಡದಲ್ಲಿ ಕೈಯಲ್ಲಿ ಹಿಡಿಯುವುದೇ ಬ್ಯಾಟರಿ. ಅದರೊಳಗೆ ಹಾಕುವುದು ಸೆಲ್ಲು. ತಾನೂ ಹುಡುಗನಾಗಿದ್ದಾಗ ಹಾಗೇ ಅನ್ನುತ್ತಿದ್ದೆ, ಟ್ರಾಯ್‌ನ ನೀರು ಕುಡಿದು ಮರೆತೆ ಎಂದು ಈಗ ಹೊಳೆಯಿತು.

ಉಳಿದವರ ದೀಪಗಳೆಲ್ಲ ಯುಎಸ್‌ಬಿ ಚಾರ್ಜಿನವು, ಅವುಗಳಲ್ಲಿ ಕೀಳುವುದಕ್ಕೂ ಸೆಲ್ಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಬೇರೆ ದಾರಿ ಕಾಣದೆ, ಮುಖವನ್ನು ಸಾಧ್ಯವಾದಷ್ಟು ಕತ್ತಲೆಯಲ್ಲಿಟ್ಟುಕೊಂಡು ಅವನು ಟಾರ್ಚಿನ ಗುಂಡಿಯನ್ನು ಮುಂದಕ್ಕೆ ತಳ್ಳಿದ.

ಹಳದಿ ಬೆಳಕು ಕೋಲಿನ ಹಾಗೆ ಹೋಗಿ ಜನರೇಟರಿನ ಮೇಲೆ ಬಿತ್ತು. ಬಿಟ್ಟುಹೋಗಿದ್ದ ವೈರು ಸ್ಪಷ್ಟವಾಗಿ ಕಂಡಿತು. ಒಬ್ಬ ಅದನ್ನು ಸಿಕ್ಕಿಸಿದ. ಜನರೇಟರು ಗುಡುಗುಡು ಎಂದಿತು. ಗಡ್ಡದವರೆಲ್ಲ ಹೋ ಎಂದು ಕೂಗಿ ಸಂಗಮೇಶನ ಬೆನ್ನು ತಟ್ಟಿದರು. ಡೇಲ್ ಟಾರ್ಚನ್ನು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದು, "ನಮ್ಮಜ್ಜನ ಹತ್ತಿರ ಇಂಥದೇ ಇತ್ತು" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಬೆಂಕಿಯ ಮುಂದೆ ಕೂತು ಎಲ್ಲರೂ ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿಂದರು. ಸಂಗಮೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವ್ವನ ಕಾಲಿಗೆ ಬೀಳಬೇಕು ಅಂದುಕೊಂಡ. ಅಷ್ಟರಲ್ಲಿ ಡೇಲ್ ಪಕ್ಕಕ್ಕೆ ಬಂದು ಕೂತು ಅವನ ಹೆಗಲ ಮೇಲೆ ಕೈ ಹಾಕಿದ.

"ನಿಜ ಹೇಳ್ತೀನಿ ಸ್ಯಾಮ್. ಆ ಹೊಸ ಪ್ರಾಜೆಕ್ಟನ್ನು ನಿನಗೇ ಕೊಡಬೇಕು ಅಂತ ಮನಸ್ಸು ಮಾಡಿಕೊಂಡೇ ಬಂದಿದ್ದೆ."

"ಥ್ಯಾಂಕ್ಯೂ ಡೇಲ್!"

"ತಡಿ. ಇವತ್ತು ನಿನ್ನನ್ನು ನೋಡಿದ ಮೇಲೆ ನನ್ನ ಕಣ್ಣು ತೆರೆಯಿತು. ಹೊಸ ಹೆಡ್‌ಲ್ಯಾಂಪ್ ಕೊಂಡರೂ ಅದನ್ನು ಜೇಬಿನಲ್ಲಿಟ್ಟು, ನಂಬಿ ತಂದದ್ದು ಹಳೆಯದನ್ನೇ. ಹಳೇ ದೀಪದ ಮೇಲೆ ಇಷ್ಟು ಪ್ರೀತಿ ಇರೋ ಮನುಷ್ಯ ಇಡೀ ಕಂಪನಿಯಲ್ಲಿ ಇನ್ನೊಬ್ಬನಿಲ್ಲ. ಹೊಸದನ್ನು ಯಾರು ಬೇಕಾದರೂ ಮಾಡ್ತಾರೆ. ಹ್ಯಾಲೊಜೆನ್ ರೂಮು ಇನ್ನು ನಿನ್ನದು. ಸೋಮವಾರದಿಂದಲೇ."

ಗಡ್ಡದವರೆಲ್ಲ ಚಪ್ಪಾಳೆ ತಟ್ಟಿದರು. ಸಂಗಮೇಶನ ಬಾಯಲ್ಲಿದ್ದ ರೊಟ್ಟಿ ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ.

ಫೋನು ಹೊಡೆದುಕೊಂಡಿತು. ಅವ್ವ.

"ಮುಟ್ಟೀಯೇನಪಾ? ಬ್ಯಾಟರಿ ಕೆಲಸಕ್ಕ ಬಂತೋ ಇಲ್ಲೋ?"

ಸಂಗಮೇಶ ಬೆಂಕಿಯನ್ನು ನೋಡುತ್ತಾ ಉಸಿರು ಬಿಟ್ಟ. "ಬಂತ ಬೇ. ಇನ್ನ ರಿಟೈರ್ ಆಗೂ ಮಟ ನನಗ ಅದ ಕೆಲಸ."

"ಪರ್ಮನೆಂಟ್ ಆತು ಅನ್ನು! ನಾ ಹೇಳಿದ್ದಿಲ್ಲ? ತಡಿ, ದೇವರ ಮುಂದ ಒಂದು ದೀಪ ಹಚ್ಚತೀನಿ. ಮತ್ತ ಇಲ್ಲಿ ಕಟ್ಟಿ ಮ್ಯಾಲ ಒಂದು ಪಾಕೀಟ್ ಸೆಲ್ ಬಿಟ್ಟು ಹೋಗೀದಿ. ಅಶ್ವಥಪ್ಪ ಬಂದಿದ್ದ, ಅವನ ರಿಮೋಟಿಗೆ ಇನ್ನೂ ಬೇಕಿದ್ವಂತ. ಕೊಟ್ಟು ಕಳಿಸೀನಿ."