ಗೋಡೆಗೆ ಹೊಕ್ಕ ಮೊಣಕೈ

ಎಲ್ಲಕ್ಕೂ ಕಾರಣ ಒಂದು ಸೀನು.

ಬೆಳಿಗ್ಗೆ ಹತ್ತೂಕಾಲಿಗೆ ವಿಮಾ ಕಚೇರಿಯ ರೆಕಾರ್ಡ್ ಗುಮಾಸ್ತರು ಹಳೆಯ ಕಡತವೊಂದರ ಧೂಳು ಕೊಡವಿದರು. ಧೂಳು ನೇರವಾಗಿ ಮೂಗಿಗೇ ಬಂತು. ಅವರದು ಸಣ್ಣಪುಟ್ಟ ಸೀನಲ್ಲ; ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವ ಹಾಗೆ ಮೂರು ಸಲ ಗೊರಗುಟ್ಟಿ ನಾಲ್ಕನೆಯದಕ್ಕೆ ಸಿಡಿಯುವಂಥದ್ದು. ಸಿಡಿದ ರಭಸಕ್ಕೆ ಚಕ್ರದ ಕುರ್ಚಿ ಹಿಂದಕ್ಕೆ ಓಡಿತು. ಬಲಮೊಣಕೈ ಗೋಡೆಗೆ ಬಡಿಯಿತು. ಗೋಡೆ ‘ಪಟ್’ ಎಂದಿತು. ಮೊಣಕೈ ಒಳಗೆ ಹೋಯಿತು.

ಕೈ ಮುರಿಯಿತೆಂದೇ ಅವರು ಕಣ್ಣು ಮುಚ್ಚಿಕೊಂಡರು. ಹೊರಗೆಳೆದು ನೋಡಿದರೆ ಕೈ ನೆಟ್ಟಗಿತ್ತು, ಗೋಡೆ ಮುರಿದಿತ್ತು. ಕೈ ಮುರಿದಿದ್ದರೇ ವಾಸಿಯಿತ್ತು ಅನ್ನಿಸಿತು. ಅದು ಮ್ಯಾನೇಜರ್ ಸಾಹೇಬರ ಕೋಣೆಯ ಗೋಡೆ. ಹನ್ನೆರಡು ವರ್ಷಗಳ ಮೇಲೆ ಮೊದಲ ಸಲ ಗುಮಾಸ್ತರ ಬಡ್ತಿಯ ಕಾಗದ ಅದೇ ಗೋಡೆಯ ಆಚೆ, ಸಾಹೇಬರ ಮೇಜಿನ ಮೇಲೆ, ಒಂದು ಸಹಿಗಾಗಿ ಕಾದು ಕೂತಿತ್ತು.

“ಸಾಹೇಬ್ರು ಸಂಜೆ ಐದಕ್ಕೆ ಬರ್ತಾರಂತೆ,” ಎಂದ ಜವಾನ, ತೂತನ್ನು ಬಗ್ಗಿ ನೋಡುತ್ತ. “ಹೆಡ್ಡಾಫೀಸಿನ ದೊಡ್ಡ ಸಾಹೇಬ್ರನ್ನೂ ಕರ್ಕೊಂಡು ಬರ್ತಾರಂತೆ.”

ಗುಮಾಸ್ತರು ಕೈಯಲ್ಲಿದ್ದ ಕಡತವನ್ನೇ ತೂತಿಗೆ ಅಡ್ಡ ಹಿಡಿದರು.

ಅಷ್ಟರಲ್ಲಿ ಕ್ಯಾಷಿಯರ್ ತನ್ನ ಗೂಡಿಗೆ ಬೀಗ ಹಾಕಿ ಬಂದ. ಅವನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಗೊತ್ತಿಲ್ಲ ಅನ್ನೋದೊಂದೇ ಅವನಿಗೆ ಗೊತ್ತಿರಲಿಲ್ಲ. “ಇದನ್ನ ಗೋಡೆ ಅಂತಾರೇನ್ರೀ? ಜಿಪ್ಸಮ್ ಬೋರ್ಡು. ಒಳಗೆ ಸೀಮೆಸುಣ್ಣದಂಥದ್ದು, ಮೇಲೊಂದು ಕಾಗದ. ಈ ಕಡೆ ಒಂದು ಹಲಗೆ, ಆ ಕಡೆ ಒಂದು ಹಲಗೆ, ಮಧ್ಯೆ ಬರೀ ಗಾಳಿ. ಪೇಪರ್ ತುರುಕಿ ಮೇಲೆ ಗೋಂದು ಬಳಿದ್ರೆ ಮುಗೀತು.”

ತುರುಕಿದ ಪೇಪರು ಮಧ್ಯದ ಗಾಳಿಯಲ್ಲಿ ಬಿದ್ದುಹೋಯಿತು. ಇನ್ನೊಂದು ತುರುಕಿದ, ಅದೂ ಹೋಯಿತು. ಹೋದದ್ದನ್ನು ತೆಗೆಯಲು ಭುಜದವರೆಗೆ ಕೈ ಹಾಕಿದ. ಹೋದ ಕೈ ಬರಲಿಲ್ಲ. ಗುಮಾಸ್ತರು ಅವನ ಸೊಂಟ ಹಿಡಿದು, ಜವಾನ ಗುಮಾಸ್ತರ ಸೊಂಟ ಹಿಡಿದು ಎಳೆದಾಗ ಕ್ಯಾಷಿಯರ್ ಹೊರಗೆ ಬಂದ, ಜೊತೆಗೆ ತಟ್ಟೆಯಗಲದ ಗೋಡೆಯೂ ಬಂತು.

“ಈಗ ಕ್ಯಾಲೆಂಡರ್ ತೂಗುಹಾಕಿದ್ರೂ ಮುಚ್ಚಲ್ಲ,” ಎಂದರು ಟೈಪಿಸ್ಟ್ ಅಕ್ಕ. “ಕೆಲಸ ಗೊತ್ತಿರೋರನ್ನ ಕರೀರಿ.”

ಜವಾನ ಕರೆತಂದ ಮೊದಲ ಕಂಟ್ರಾಕ್ಟರ್ ಇಸ್ತ್ರಿ ಹಾಕಿದ ಷರ್ಟಿನವನು. ಅಳತೆ ಯಂತ್ರದಿಂದ ಗೋಡೆಗೆ ಕೆಂಪು ದೀಪದ ಗೆರೆ ಬಿಟ್ಟ, ಹನ್ನೊಂದು ಫೋಟೋ ಹೊಡೆದ, ನಿಟ್ಟುಸಿರು ಬಿಟ್ಟ. “ಪೂರ್ತಿ ಗೋಡೆ ಇಳಿಸ್ಬೇಕು ಸಾರ್. ಸೀಲಿಂಗೂ ಹೋಗುತ್ತೆ. ಎಂಟು ದಿನ.”

“ಒಂದು ತೂತಿಗಾ?”

“ತೂತಲ್ಲ ಸಾರ್, ಇದು ಅಪಾಯದ ಸೂಚನೆ.”

ಅವನನ್ನು ಸಾಗಹಾಕಿ ಗುಮಾಸ್ತರು ಷಡ್ಡಕನಿಗೆ ಫೋನ್ ಮಾಡಿದರು. ಷಡ್ಡಕ ಹೊಟ್ಟೆ ತುಂಬ ನಕ್ಕು, ಆಮೇಲೆ ತನ್ನ ಮನೆಯ ಸೀಲಿಂಗ್ ಕೂರಿಸಿದ ಮುದಿ ಮೇಸ್ತ್ರಿಯನ್ನು ಕಳಿಸಿದ. ಮೇಸ್ತ್ರಿ ಬಂದವರೇ ಯಾರನ್ನೂ ಮಾತಾಡಿಸದೆ, ಡಾಕ್ಟರು ಎದೆ ಬಡಿದು ನೋಡಿದಂತೆ ಬೆರಳ ಗಂಟಿನಿಂದ ಗೋಡೆಯನ್ನು ಉದ್ದಕ್ಕೂ ತಟ್ಟಿದರು. ‘ಡಬ್ ಡಬ್’ ಎನ್ನುತ್ತಿದ್ದದ್ದು ಒಂದು ಕಡೆ ‘ಠಕ್’ ಎಂದಿತು. “ಇಲ್ಲಿ ಹಲಗೆ ಹಿಡಿದಿರೋ ತಗಡಿನ ಪಟ್ಟಿ ಇದೆ,” ಎಂದು ಪೆನ್ಸಿಲಿನಿಂದ ಗುರುತು ಹಾಕಿ, ಚೀಲದಿಂದ ಗರಗಸ ತೆಗೆದರು.

“ಅಯ್ಯೋ, ಗರಗಸ ಯಾಕೆ?”

“ತೂತು ಮುಚ್ಚೋಕೆ ಮೊದ್ಲು ದೊಡ್ಡದು ಮಾಡ್ಬೇಕಪ್ಪ. ಹರಕಲು ಅಂಚಿಗೆ ಏನೂ ನಿಲ್ಲಲ್ಲ. ಚೌಕ ಕತ್ತರಿಸಿ, ಹಿಂದೆ ಮರದ ಪಟ್ಟಿ ಕೊಟ್ಟು, ಹೊಸ ತುಂಡು ಸ್ಕ್ರೂ ಮಾಡ್ಬೇಕು. ಸಂದಿಗೆ ಜಾಲರಿ ಟೇಪು. ಅದ್ರ ಮೇಲೆ ಮೂರು ಕೋಟು ಪುಟ್ಟಿ. ಒಂದೊಂದು ಕೋಟೂ ಒಣಗ್ಬೇಕು. ಮೂರು ದಿನ ಬಿಡಿ.”

“ಮೂರು ದಿನ ಬಿಟ್ರೆ ನನ್ನನ್ನೂ ಆ ಚೌಕದೊಳಗೆ ಇಟ್ಟು ಸ್ಕ್ರೂ ಮಾಡ್ತಾರೆ! ಐದು ಗಂಟೆಯೊಳಗೆ ಆಗ್ಬೇಕು, ನಿಮ್ಮ ಕಾಲಿಗೆ ಬೀಳ್ತೀನಿ.”

ಮೇಸ್ತ್ರಿ ಅವರ ಮುಖ ನೋಡಿದರು. “ಬೇಗ ಗಟ್ಟಿಯಾಗೋ ಪುಡಿ ಇದೆ. ಆದ್ರೆ ಯಾರೂ ಬಾಯಿ ಹಾಕ್ಬಾರ್ದು.”

ಚೌಕ ಕತ್ತರಿಸಿ ಒಳಗೆ ಇಣುಕಿದ ಮೇಸ್ತ್ರಿ ಹುಬ್ಬೇರಿಸಿದರು. “ಆಚೆ ಹಲಗೇನೂ ಒಡೆದುಹೋಗಿದೆಯಲ್ಲ! ಮೊಣಕಾಲೆತ್ತರದಲ್ಲಿ, ಇಷ್ಟಗಲ.”

“ನನ್ನ ಸೀನಿಗೆ ಅಷ್ಟು ಶಕ್ತೀನಾ?” ಗುಮಾಸ್ತರು ಮೂಗು ಮುಟ್ಟಿ ನೋಡಿಕೊಂಡರು.

“ನೀವು ಸೀನಿದ್ರೆ ನನ್ನ ಕಟ್ಟಿದ ಹಲ್ಲೂ ಅಲ್ಲಾಡುತ್ತೆ. ಗೋಡೆ ಯಾವ ಲೆಕ್ಕ!” ಎಂದರು ಟೈಪಿಸ್ಟ್ ಅಕ್ಕ.

ಸರಿ, ಎರಡೂ ಕಡೆಯ ಕೆಲಸ ಶುರುವಾಯಿತು. ಪುಟ್ಟಿ ಬೇಗ ಒಣಗಲೆಂದು ಕ್ಯಾಷಿಯರ್ ಫ್ಯಾನು ತಿರುಗಿಸಿದ, “ಗಾಳಿ ಬಿಟ್ರೆ ಬಿರುಕು ಬಿಡುತ್ತೆ, ಆರಿಸ್ರೀ!” ಎಂದು ಮೇಸ್ತ್ರಿ ಗದರಿದರು. ಒಣಗಿತೋ ಇಲ್ಲವೋ ಎಂದು ಜವಾನ ಒತ್ತಿ ನೋಡಿದ. ಅವನ ಹೆಬ್ಬೆಟ್ಟು ಸಹಿ ಹಾಕಿದಂತೆ ಮೂಡಿತು. ಉಪ್ಪುಕಾಗದ ಉಜ್ಜತೊಡಗಿದ ಮೇಲಂತೂ ಇಡೀ ಕಚೇರಿ ಹಿಟ್ಟಿನ ಗಿರಣಿಯಾಯಿತು. ವಿಮೆ ಕಟ್ಟಲು ಬಂದವರೊಬ್ಬರು ಬಾಗಿಲಲ್ಲಿ ಬಿಳಿ ಬಿಳಿ ಆಕೃತಿಗಳನ್ನು ಕಂಡು ಹಾಗೇ ಹಿಂದಕ್ಕೆ ಹೋದರು. ತೇಪೆ ಹಾಕಿದ್ದು ಎದ್ದು ಕಾಣುತ್ತದೆಂದು ಕೊನೆಗೆ ಎರಡು ಕಡೆಯೂ ಮೂಲೆಯಿಂದ ಮೂಲೆಗೆ ಬೇಗ ಒಣಗುವ ಬಣ್ಣ ಬಳಿದದ್ದಾಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಮೇಸ್ತ್ರಿ ಚೀಲ ಹೆಗಲಿಗೇರಿಸಿದರು. ಗೋಡೆ ಕೋಳಿಮೊಟ್ಟೆಯ ಹಾಗೆ ನುಣ್ಣಗಿತ್ತು. ಗುಮಾಸ್ತರು ಅದರ ಮುಂದೆ ನಿಂತು ಕಣ್ಣೊರೆಸಿಕೊಂಡರು.

ಐದು ಹೊಡೆಯಿತು. ದೊಡ್ಡ ಸಾಹೇಬರು ಒಳಗೆ ಬಂದರು. ಹಿಂದೆ ಮ್ಯಾನೇಜರು, ಯಾಕೋ ಸ್ವಲ್ಪ ಕುಂಟುತ್ತ.

“ನೋಡಿ ಸಾರ್ ನಮ್ಮ ಪಾಡು! ಗೋಡೆ ಕಿತ್ತು ಕೈಗೆ ಬರ್ತಿದೆ...” ಎಂದು ತನ್ನ ಕೋಣೆಯ ಬಾಗಿಲು ತೆರೆದ ಮ್ಯಾನೇಜರರ ಮಾತು ಅಲ್ಲೇ ನಿಂತಿತು.

ದೊಡ್ಡ ಸಾಹೇಬರು ಒಳಗೆ ಹೋಗಿ ಗೋಡೆ ಸವರಿದರು. ಹೊರಗೆ ಬಂದು ಸವರಿದರು. “ಭೇಷ್! ನಮ್ಮ ಹೆಡ್ಡಾಫೀಸಲ್ಲೂ ಇಂಥ ಗೋಡೆ ಇಲ್ಲ. ಯಾರು ಮಾಡಿಸಿದ್ದು ಇದನ್ನ?”

“ನಾನೇ ಸಾರ್, ಮೊದಲು ಕೈ ಹಾಕಿದ್ದು!” ಎಂದ ಕ್ಯಾಷಿಯರ್.

ಮ್ಯಾನೇಜರು ತಿರುಗಿ ನೋಡಿದ ನೋಟಕ್ಕೆ, “ಆದ್ರೆ ಮಾಡಿಸಿದ್ದು ಇವ್ರು,” ಎಂದು ಗುಮಾಸ್ತರನ್ನು ಮುಂದೆ ತಳ್ಳಿ ಗೂಡು ಸೇರಿಕೊಂಡ.

ದೊಡ್ಡ ಸಾಹೇಬರು ಗುಮಾಸ್ತರ ಬೆನ್ನು ತಟ್ಟಿ ಕಾಫಿಗೆಂದು ಪಕ್ಕದ ಕೋಣೆಗೆ ಹೋದರು. ಮ್ಯಾನೇಜರು ಗುಮಾಸ್ತರ ಕಾಲರ್ ಹಿಡಿದು ಮೂಲೆಗೆ ಎಳೆದರು.

“ಯಾರು ಹೇಳಿದ್ರು ರೀ ನಿಮಗೆ ರಿಪೇರಿ ಮಾಡಿಸೋಕೆ? ಲಿಫ್ಟಿಲ್ಲದ ಈ ಮೂರನೇ ಮಹಡಿಯಿಂದ ಬೇರೆ ಕಟ್ಟಡಕ್ಕೆ ಹೋಗೋಣ ಅಂತ ಎರಡು ವರ್ಷದಿಂದ ಬರೀತಿದ್ದೀನಿ. ಇವತ್ತು ಕಣ್ಣಾರೆ ತೋರಿಸ್ಬೇಕು ಅಂತ ನಿನ್ನೆ ಸಂಜೆ ನೀವೆಲ್ಲ ಹೋದ್ಮೇಲೆ ನಾನೇ ಆ ಕಡೆಯಿಂದ ಒದ್ದು ಒಡೆದಿಟ್ಟಿದ್ದೆ. ಐದು ಸಲ ಒದ್ದೆ! ಕಾಲು ಇನ್ನೂ ಬಾತಿದೆ!”

ಗುಮಾಸ್ತರು ಮ್ಯಾನೇಜರರ ಬಾತ ಕಾಲನ್ನು ಬಗ್ಗಿ ನೋಡಿದರು.

“ಬಡ್ತಿ ಬೇಕೋ ಬೇಡ್ವೋ?”

“ಬೇಕು ಸಾರ್.”

“ಹಾಗಾದ್ರೆ ಅವ್ರು ಕಾಫಿ ಕುಡಿದು ಬರೋಷ್ಟರಲ್ಲಿ ಅಗೋ, ಆ ಬೀರು ಪಕ್ಕದ ಗೋಡೇನ ಒದ್ದು ಒಡೀರಿ. ಹೊಸ ಬಣ್ಣ ಬಳಿದಿದ್ದು ಬೇಡ, ಅನುಮಾನ ಬರುತ್ತೆ.”

ಗುಮಾಸ್ತರು ಹನ್ನೆರಡು ವರ್ಷಗಳ ಆಸೆಯನ್ನೆಲ್ಲ ಬಲಗಾಲಿಗೆ ತುಂಬಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು ಒದ್ದರು.

ಅದು ಇಟ್ಟಿಗೆ ಗೋಡೆ.

ಅವರು ಕಿರುಚಿದ ಸದ್ದಿಗೆ ದೊಡ್ಡ ಸಾಹೇಬರು ಕೈಯಲ್ಲಿ ಲೋಟ ಹಿಡಿದೇ ಓಡಿಬಂದರು. ಗುಮಾಸ್ತರು ಎರಡೂ ಕೈಯಲ್ಲಿ ಪಾದ ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತಿದ್ದರು. ಗೋಡೆಯ ಮೇಲೆ ಬೂಟಿನ ಗುರುತು ಅಚ್ಚೊತ್ತಿದಂತಿತ್ತು. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

“ಆಹಾ!” ಎಂದರು ದೊಡ್ಡ ಸಾಹೇಬರು, ಲೋಟವನ್ನು ಮ್ಯಾನೇಜರರ ಕೈಗೆ ಕೊಟ್ಟು ಜೇಬಿನಿಂದ ಪೆನ್ನು ತೆಗೆಯುತ್ತ. “ಒಬ್ಬ ಗುಮಾಸ್ತ ತನ್ನ ಕಾಲನ್ನೇ ಪಣಕ್ಕಿಟ್ಟು ಕಟ್ಟಡ ಪರೀಕ್ಷೆ ಮಾಡಿ ತೋರಿಸೋದು ನನ್ನ ಸರ್ವೀಸಲ್ಲೇ ಮೊದ್ಲು.” ಆಮೇಲೆ ತಾವೇ ಗಟ್ಟಿಯಾಗಿ ಓದಿಕೊಳ್ಳುತ್ತ ಕಟ್ಟಡದ ತಪಾಸಣಾ ವರದಿಯಲ್ಲಿ ಬರೆದರು: “ಕಟ್ಟಡ ಸುಭದ್ರ. ಇನ್ನು ಇಪ್ಪತ್ತು ವರ್ಷ ಈ ಕಚೇರಿಯನ್ನು ಇಲ್ಲಿಂದ ಅಲುಗಾಡಿಸುವ ಅಗತ್ಯವಿಲ್ಲ.”