ಕೆಂಪು ದ್ರಾಕ್ಷಿ ತಜ್ಞರೂ ನನ್ನ ಎದೆಬಡಿತವೂ

ಕೆಂಪು ವೈನಿನ ದ್ರಾಕ್ಷಿಯ ಬಗ್ಗೆ ತಜ್ಞರು ಚರ್ಚೆಗೆ ಕೂತ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ, ಆಗುವಾಗ ಸರಿಯಾಗಿ ಮಧ್ಯದಲ್ಲಿ ನಾನೇ ನಿಂತಿರುತ್ತೇನೆ. ಉಳಿದವರು ನಕ್ಕು ಮನೆಗೆ ಹೋಗುತ್ತಾರೆ. ನಾನು ಮನೆಗೆ ಹೋಗಿ ಬಿ.ಪಿ. ಮಾತ್ರೆ ನುಂಗುತ್ತೇನೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಪಾಂಡವಪುರದ ಸುತ್ತ ಬಹಳ ಕಾಲ ಸಕ್ಕರೆ ಕಾರ್ಖಾನೆಯ ಕಬ್ಬಿನ ಫೀಲ್ಡ್‌ಮ್ಯಾನ್ ಆಗಿದ್ದವನು ನಾನು. ಈಗ ಒಂದು ವೈನ್ ಕಂಪನಿಯಲ್ಲಿದ್ದೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಾದರೂ ಕೆಂಪು ವೈನಿನ ದ್ರಾಕ್ಷಿ ಬರುತ್ತದೆಯೇ ಎಂದು ಹುಡುಕುವುದು, ಬರುವ ಹಾಗಿದ್ದರೆ ರೈತರಿಂದ ಬೆಳೆಸುವುದು, ತಜ್ಞರು ಬಂದಾಗ ಅವರ ಇಂಗ್ಲಿಷನ್ನು ರೈತರಿಗೂ ರೈತರ ಮಾತನ್ನು ಅವರಿಗೂ ದಾಟಿಸುವುದು ನನ್ನ ಪಾಲಿನದು. ಕೆಲಸ ಕಾಯಂ ಅಲ್ಲ. ಮೊದಲ ಬೆಳೆಯನ್ನು ತಜ್ಞರು ಒಪ್ಪಿದರೆ ನಾನು ಇಲ್ಲೇ ಕಾಯಂ. ಒಪ್ಪದಿದ್ದರೆ ಇಲ್ಲಿನ ಪ್ರಯೋಗ ಮುಚ್ಚಿ ನನ್ನನ್ನು ನಾಸಿಕ್‌ಗೆ ಎತ್ತಿಹಾಕುತ್ತಾರೆ.

ಹೆಂಡತಿಗೆ ಪಾಂಡವಪುರದಲ್ಲಿ ಚೆನ್ನಾಗಿ ನಡೆಯುವ ಟೈಲರಿಂಗ್ ಅಂಗಡಿಯಿದೆ, ಮಗಳು ಹತ್ತನೇ ಕ್ಲಾಸು. ಈ ಷರತ್ತಿನ ವಿಷಯ ತಿಳಿಸಿದ ದಿನ ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯನ್ನೇ ಎತ್ತದೆ, "ನಾಸಿಕ್ಕಿಗಾ? ಓಗ್ಬುಟ್ಟು ಬನ್ನಿ. ಹಬ್ಬಕ್ಕೆ ಬತ್ತೀರಲ್ಲ," ಅಂದಳು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನೆಲ ಒಪ್ಪಿದ್ದು

ಮೊದಲ ಚರ್ಚೆ ಶ್ರೀರಂಗಪಟ್ಟಣದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ. ಇಬ್ಬರು ತಜ್ಞರು ಬಂದಿದ್ದರು. ಒಬ್ಬರು ಬಿಳಿ ಮೀಸೆಯ ಹಿರಿಯರು, ಫ್ರಾನ್ಸಿನ ಬೋರ್ಡೋ ಎಂಬಲ್ಲಿ ಕಲಿತು ಬಂದವರು. ಆ ಕಡೆಯ ಕ್ಯಾಬರ್ನೆ ಬಿಟ್ಟರೆ ಬೇರೆ ದ್ರಾಕ್ಷಿಗೆ ಅವರು ಮರ್ಯಾದೆ ಕೊಡುವುದಿಲ್ಲ. ಇನ್ನೊಬ್ಬರು ನಲವತ್ತರ ಆಸುಪಾಸಿನ ಮೇಡಂ. ಅವರಿಗೆ ಶಿರಾಜ್ ಎಂಬ ತಳಿಯೆಂದರೆ ಪ್ರಾಣ. ಇಬ್ಬರಿಗೂ ಕನ್ನಡ ಬರುವುದಿಲ್ಲ.

"ಕ್ಯಾಬರ್ನೆ ತಡವಾಗಿ ಮಾಗುತ್ತದೆ, ಇಲ್ಲಿ ಅಷ್ಟು ದಿನ ಕಾಯುವವರು ಯಾರು?" ಎಂದು ಮೇಡಂ. "ಶಿರಾಜ್ ಬಿಸಿಲಿದ್ದ ಕಡೆಯೆಲ್ಲ ಬೆಳೆಯುತ್ತದೆ, ಅದೇ ಅದರ ದೋಷ," ಎಂದು ಹಿರಿಯರು. ಇಬ್ಬರ ಕೈಯಲ್ಲೂ ಒಂದೊಂದು ಮೈಕು. ಮುಂದಿನ ಸಾಲಿನ ರೈತರೊಬ್ಬರು ನನ್ನ ಅಂಗಿ ಜಗ್ಗಿ, "ಯಾಕ್ಸಾ ಜಗ್ಳ ಆಡ್ತಾವ್ರೆ?" ಎಂದು ಕೇಳಿದರು. ತಳಿಯ ವಿಚಾರ ಅಂದೆ. "ನಾವು ಇನ್ನೂ ನೆಟ್ಟೇ ಇಲ್ವಲ್ಲ ಸಾ," ಅಂದರು.

ಕಡೆಗೆ ಇಬ್ಬರೂ ಒಂದು ಮಾತಿಗೆ ಒಪ್ಪಿದರು. ವೈನಿನ ಬಳ್ಳಿ ಸುಖವಾಗಿರಬಾರದು, ಕಷ್ಟಪಡಬೇಕು. ನೀರು ಹೊಟ್ಟೆತುಂಬ ಕೊಡಬಾರದು. ಕಲ್ಲು ಗರಸಿನ ನೆಲವೇ ಆಗಬೇಕು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಕೂತಿದ್ದವರಲ್ಲಿ ಮುಕ್ಕಾಲು ಜನ ನಾಲೆ ನೀರಿನ ರೈತರು.

"ಅಂದ್ರೆ ನಾಲೇಲಿ ನೀರು ಅರೀತಾ ಇರ್ತದೆ," ಎಂದು ಅಂಗಿ ಜಗ್ಗಿದವರೇ ನಿಧಾನಕ್ಕೆ ಕೇಳಿದರು. "ಪಕ್ಕದಲ್ಲೇ ಬಳ್ಳಿ ಬಾಯಾರ್ಕಂಡು ನಿಂತಿರ್ತದೆ. ನಾನು ನೋಡ್ಕಂಡು ಕೂತಿರ್ಬೇಕು. ಅಷ್ಟೇ ತಾನೆ ಸಾ?"

"ಹೆಚ್ಚು ಕಮ್ಮಿ ಹಾಗೇ," ಅಂದೆ.

"ನನ್ ಎಂಡ್ರು ಮನೆಗೇ ಸೇರ್ಸಾಕಿಲ್ಲ," ಎಂದು ಎದ್ದು ಕೈ ತೊಳೆಯಲು ಹೊರಟರು. ಅವರ ಹಿಂದೆ ಒಂದು ಸಾಲಿಗೆ ಸಾಲೇ ಎದ್ದು ಊಟದ ಮನೆಗೆ ಹೋಯಿತು. ರೈತರು ಏನಂದರು ಎಂದು ತಜ್ಞರು ಕೇಳಿದರು. ಊಟಕ್ಕೆ ಹೊತ್ತಾಯಿತಂತೆ ಅಂದೆ. ನಾಸಿಕ್ ಬಸ್ಸಿನ ಬೋರ್ಡು ಕಣ್ಣ ಮುಂದೆ ಬಂತು.

ಆಗ ಹಿಂದಿನ ಮೂಲೆಯಿಂದ ಒಬ್ಬ ಯಜಮಾನರು ಎದ್ದು ಬಂದರು. ನಾಗಮಂಗಲದ ಕಡೆಯವರು. "ಕಲ್ಲು ನೆಲ ಆಯ್ತದಾ ಸಾ?" ಅಂದರು. ಆಗುತ್ತದೆ ಅಂದೆ. "ನೀರು ಕಮ್ಮಿ ಇದ್ರೂ?" ಕಮ್ಮಿ ಇದ್ದರೇ ಒಳ್ಳೆಯದು ಅಂದೆ. "ರಾಗೀನೂ ಸರ್ಯಾಗಿ ಬರಾಕಿಲ್ಲ ಅಂದ್ರೆ?" ಇನ್ನೂ ಒಳ್ಳೆಯದು ಅಂದೆ. ಅವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ನಮ್ಮೊಲ ಚೆನ್ನಾಗದೆ ಅಂತ ಇವತ್ತಿನ್ಗಂಟ ಯಾರೂ ಏಳಿರ್ಲಿಲ್ಲ ಕಣ್ ಸಾ. ಎಣ್ ಕೊಟ್ಟ ಮಾವ್ನೂ ಏಳಿರ್ಲಿಲ್ಲ. ಎಲ್ಲಿ ಸೈನ್ ಆಕ್ಬೇಕು?"

ಬಾಟಲು ವಾಪಸ್

ಹೀಗೆ ನಾಲ್ಕು ತಾಲ್ಲೂಕಿಗೆ ಒಬ್ಬರೇ ಒಬ್ಬರು ಬೆಳೆಗಾರರು ಸಿಕ್ಕರು. ಅವರ ಹೊಲದಲ್ಲಿ ಶಿರಾಜ್ ನೆಡುವುದೆಂದು ಮೇಡಂ ಹಟ ಹಿಡಿದು ಗೆದ್ದರು. ಬಳ್ಳಿ ಬೆಳೆಯುತ್ತಿದ್ದ ಕಾಲದಲ್ಲಿ ಬೇರೆ ಬೇರೆ ನಾಡಿನ ವೈನು ಹೋಲಿಸಿ ನೋಡಬೇಕೆಂದು ಇಬ್ಬರೂ ಪಾಂಡವಪುರಕ್ಕೆ ಬಂದರು. ನಮ್ಮ ಆಫೀಸೆಂದರೆ ಒಂದು ಮನೆಯ ಮಾಳಿಗೆಯ ಮೇಲಿನ ರೂಮು. ಕೆಳಗೆ ಮನೆಯ ಒಡತಿ ಅಜ್ಜಿ ಇದ್ದಾರೆ. ದ್ರಾಕ್ಷಿ ಕಂಪನಿ ಎಂದಷ್ಟೇ ಹೇಳಿ ರೂಮು ಹಿಡಿದಿದ್ದೆ. ಮೇಲೆ ನಡೆಯುವುದು ವೈನಿನ ಸಭೆ ಎಂದು ಅಜ್ಜಿಗೆ ಗೊತ್ತಾದರೆ ನನ್ನ ಕುರ್ಚಿ ಟೇಬಲ್ಲು ಬೀದಿಯಲ್ಲಿರುತ್ತವೆ ಎಂಬ ಭಯ ನನಗೆ.

ತಜ್ಞರು ವೈನನ್ನು ಕುಡಿಯುವುದಿಲ್ಲ. ಲೋಟದಲ್ಲಿ ತಿರುಗಿಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮೂಗನ್ನು ಒಳಕ್ಕೆ ಇಳಿಸುತ್ತಾರೆ, ಬಾಯಿಗೆ ಹಾಕಿ ಗಳಗಳ ಮಾಡಿ ಪಕ್ಕದ ಬಕೆಟ್ಟಿಗೆ ಉಗಿಯುತ್ತಾರೆ. ಆಮೇಲೆ ಚರ್ಚೆ. ಆಸ್ಟ್ರೇಲಿಯಾದ ಶಿರಾಜ್ ಉಗಿದರು, ಸ್ಪೇನ್ ದೇಶದ್ದು ಉಗಿದರು, ಬೋರ್ಡೋದ ಕ್ಯಾಬರ್ನೆಯನ್ನು ಹಿರಿಯರು ಬಹಳ ಭಕ್ತಿಯಿಂದ ಉಗಿದರು. ತಲೆ ಎತ್ತಿ ನೋಡುತ್ತೇನೆ, ಬಿಸಿಲಿಗೆ ಒಣಹಾಕಿದ್ದ ಮೆಣಸಿನಕಾಯಿ ತೆಗೆಯಲು ಬಂದ ಅಜ್ಜಿ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಏನಪ್ಪ ಅಂತಾವ್ರೆ ಇವ್ರು?" ಎಂದು ಅಜ್ಜಿ ಕೇಳಿದರು. ಹೆದರಿಕೆಯಲ್ಲಿ ಸುಳ್ಳು ಹೊಳೆಯಲಿಲ್ಲ. ತಜ್ಞರು ಆಡಿದ್ದನ್ನೇ ಕನ್ನಡದಲ್ಲಿ ಹೇಳಿಬಿಟ್ಟೆ: ಇದರಲ್ಲಿ ಚರ್ಮದ ವಾಸನೆ, ಅದರಲ್ಲಿ ಹೊಗೆಸೊಪ್ಪು, ಆ ಕೊನೆಯದರಲ್ಲಿ ಒದ್ದೆ ಕಲ್ಲು.

ಅಜ್ಜಿ ಬಕೆಟ್ಟನ್ನೂ ಬಾಟಲುಗಳನ್ನೂ ನೋಡಿದರು. ಮುಖ ಕೆಂಪಾಯಿತು. ನಾನು ರೂಮು ಖಾಲಿ ಮಾಡುವ ಲೆಕ್ಕದಲ್ಲಿದ್ದೆ.

"ಇಷ್ಟೂ ಬಾಟ್ಲು ಕೆಟ್ಟೋಗವೆ ಅನ್ನು," ಅಂದರು ಅಜ್ಜಿ. "ದೂರದಿಂದ ಬಂದವ್ರು ಪಾಪ, ಬಾಯಿಗ್ ಇಕ್ಕಕ್ಕಾಯ್ತಾ ಇಲ್ಲ. ನಮ್ಮ ಅಕ್ಕಿ ಅಂಗ್ಡಿಯೋನು ಉಳ ಬಿದ್ದದ್ನ ಕೊಟ್ರೆ ನಾನು ಸುಮ್ಕೆ ಬುಟ್ಟೀನಾ? ಬಾಟ್ಲು ಎತ್ಕೋ, ನಾನೂ ಬತ್ತೀನಿ, ಬದ್ಲಾಯಿಸ್ಕಂಡು ಬರಾನ."

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಹತ್ತಿರ ನಿಂತೇಬಿಟ್ಟರು. ಅಂಗಡಿಗೆ ಇವತ್ತು ರಜ ಅಂದೆ. ಆ ವಾರವೆಲ್ಲ ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದ ಕೂಗಿ ಕೇಳುತ್ತಿದ್ದರು, "ಅಂಗ್ಡಿ ತಗ್ದವ್ನಾ?"

ಬಯಕೆ

ಒಂದೇ ಹೊಲವನ್ನು ನಂಬಿ ಕೂರುವುದು ಬೇಡವೆಂದು ಕೆ.ಆರ್. ಪೇಟೆ ಕಡೆ ಇನ್ನೊಂದು ಜಾಗ ನೋಡಲು ಹೋದೆವು. ನೆಲದ ಗುಣವೇ ವೈನಿನ ರುಚಿಯಾಗುತ್ತದೆ, ಬೋರ್ಡೋದ ಗರಸು ಬೇರೆ, ಸ್ಪೇನಿನ ಸುಣ್ಣದ ಮಣ್ಣು ಬೇರೆ ಎಂದು ದಾರಿಯುದ್ದಕ್ಕೂ ಇಬ್ಬರೂ ವಾದ ಮಾಡಿದರು. ಹೊಲಕ್ಕೆ ಇಳಿದವರೇ ಮೇಡಂ ಒಂದು ಹಿಡಿ ಮಣ್ಣೆತ್ತಿ ಮೂಸಿದರು, ಚಿಟಿಕೆಯಷ್ಟನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.

ಬದುವಿನ ಮೇಲೆ ಹೊಲದೊಡೆಯನ ತಾಯಿ, ವಯಸ್ಸಾದ ಅಜ್ಜಿ, ಕೂತಿದ್ದರು. ಅವರು ದಡಬಡ ಎದ್ದು ಬಂದು ಮೇಡಂ ಕೈ ಹಿಡಿದು, "ಎಷ್ಟು ತಿಂಗ್ಳವ್ವ?" ಅಂದರು.

ನನ್ನ ಎದೆ ಧಸಕ್ಕೆಂದಿತು. ಮೇಡಂ ಮದುವೆಯಾದವರಲ್ಲ. ಅಜ್ಜಿ ಏನಂದರು ಎಂದು ಅವರು ನಗುತ್ತ ಕೇಳುತ್ತಿದ್ದಾರೆ. ಈ ಮಣ್ಣು ಹೇಗಿದೆ ಅಂತ ಕೇಳುತ್ತಿದ್ದಾರೆ ಅಂದೆ. ಮೇಡಂ ಬಹಳ ಸಂತೋಷದಿಂದ ತಲೆಯಾಡಿಸಿ, ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅಜ್ಜಿಗೆ ಅಷ್ಟೇ ಸಾಕಾಯಿತು. ಸೊಸೆಯನ್ನು ಕೂಗಿ ಹುಣಸೆಕಾಯಿ, ಮಾವಿನಕಾಯಿ ತರಿಸಿದರು, ಅರಿಶಿನ ಕುಂಕುಮ ಇಟ್ಟು ತೆಂಗಿನಕಾಯಿ, ಎಲೆ ಅಡಿಕೆ ಮಡಿಲಿಗೆ ಹಾಕಿದರು. ಎಂಥ ಸತ್ಕಾರ, ಎಂಥ ಜನ ಎಂದು ಮೇಡಂ ಕಣ್ಣು ತುಂಬಿಕೊಂಡರು. ನಾನು ಬೆವರು ಒರೆಸಿಕೊಳ್ಳುತ್ತ, ಸತ್ಯ ಗೊತ್ತಾಗುವ ಮೊದಲು ಇಲ್ಲಿಂದ ಹೊರಟರೆ ಸಾಕು ಎಂದು ಕಾರಿನ ಕಡೆ ನೋಡುತ್ತಿದ್ದೆ.

ಅಷ್ಟರಲ್ಲಿ ಹಿರಿಯರಿಗೆ ಹೊಟ್ಟೆಕಿಚ್ಚಾಯಿತೋ ಏನೋ, ಅವರೂ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಅಜ್ಜಿ ಅವರ ಬಿಳಿ ಮೀಸೆಯನ್ನು ನೋಡಿದರು, ಹೊಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವ್ರಿಗೇನಪ್ಪ ಬಂದದೆ?"

ಹೊಸ ಬೆಳೆ

ಕೆ.ಆರ್. ಪೇಟೆಯ ಜಾಗ ಹಿರಿಯರಿಗೆ ಹಿಡಿಸಲಿಲ್ಲ. ಹಾಗಾಗಿ ಎಲ್ಲವೂ ನಾಗಮಂಗಲದ ಆ ಒಂದು ಹೊಲದ ಮೇಲೆ ನಿಂತಿತು. ಬಳ್ಳಿ ಚೆನ್ನಾಗಿಯೇ ಬಂತು, ಗೊಂಚಲು ಕಟ್ಟಿತು, ಕಪ್ಪಾಯಿತು. ಕೊಯ್ಲಿಗೆ ಮುಂಚೆ ತಜ್ಞರು ಬಂದು ಹಣ್ಣು ನೋಡಿ ತೀರ್ಮಾನ ಹೇಳುವ ದಿನ ನಾನು ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಯಜಮಾನರು ಜಗಲಿಯ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು.

ಅವರ ಮನೆಯಲ್ಲಿ ಒಂದು ಪದ್ಧತಿ. ಯಾವ ಹೊಸ ಬೆಳೆ ಬಂದರೂ ಮಾರುವ ಮೊದಲು ಊರಿನ ಮನೆಮನೆಗೂ ಒಂದಿಷ್ಟು ಕೊಡಬೇಕು. ಹಿಂದಿನ ದಿನ ಅವರ ಹೆಂಡತಿ ಬುಟ್ಟಿಯಲ್ಲಿ ದ್ರಾಕ್ಷಿ ಇಟ್ಟುಕೊಂಡು ಊರೆಲ್ಲ ಹಂಚಿ ಬಂದಿದ್ದರು. ಹಂಚಿದ್ದಕ್ಕೆ ಊರಿನವರ ಅಭಿಪ್ರಾಯವೂ ಮನೆಗೆ ಬಂದಿತ್ತು.

"ಒಬ್ರಾದ್ರೂ ಚೆನ್ನಾಗದೆ ಅನ್ನಲಿಲ್ಲ ಸಾ," ಅಂದರು ಯಜಮಾನರು. "ಇಂತಾ ಹಣ್ಣ ನಿಮ್ ಕಂಪ್ನಿಗೆ ಕೊಟ್ಟು ಮೋಸ ಮಾಡಾಕೆ ನಂಗೆ ಮನ್ಸಿಲ್ಲ. ಎತ್ತು ಮಾರೋವಾಗ್ಲೂ ಕೆಟ್ಟ ಸುಳಿ ಇದ್ರೆ ತೋರ್ಸೇ ಮಾರ್ದೋನು ನಾನು. ಇವತ್ತು ಅವ್ರ ತಾವ ಎಲ್ಲಾನೂ ಏಳ್ಬುಡ್ತೀನಿ."

ವೈನಿನ ದ್ರಾಕ್ಷಿ ತಿನ್ನುವ ದ್ರಾಕ್ಷಿಯ ಹಾಗಲ್ಲ ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ದಮ್ಮಯ್ಯ, ನೀವು ಬಾಯಿ ಬಿಡಬೇಡಿ, ನನ್ನ ಸಂಸಾರ ಎರಡು ಊರಾಗುತ್ತದೆ ಎಂದು ಕೈ ಮುಗಿದೆ. ಅಷ್ಟು ಹೊತ್ತಿಗೆ ಕಾರು ಬಂದು ನಿಂತಿತು.

ತಜ್ಞರು ಬಳ್ಳಿಯ ಹತ್ತಿರ ಹೋಗುವ ಮೊದಲೇ ಯಜಮಾನರು ಟವೆಲು ಸೊಂಟಕ್ಕೆ ಕಟ್ಟಿ ಅವರ ಮುಂದೆ ನಿಂತು ಶುರು ಮಾಡಿದರು. ನಾನು ತಡವರಿಸುವುದನ್ನು ಕಂಡು ತಜ್ಞರ ಕಾರಿನ ಡ್ರೈವರ್, ಮೈಸೂರಿನ ಯುವಕ, ಪರೋಪಕಾರಕ್ಕೆಂದು ಮುಂದೆ ಬಂದು ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸತೊಡಗಿದ.

"ಹಣ್ಣು ಬಲೇ ಚಿಕ್ಕವು ಸಾ." ಹಿರಿಯರು ಟೋಪಿ ತೆಗೆದರು.

"ತೊಗ್ಲು ದಪ್ಪ. ಎಷ್ಟ್ ಅಗುದ್ರೂ ಮುಗಿಯಾಕಿಲ್ಲ." ಹಿರಿಯರು ಮೇಡಂ ಮುಖ ನೋಡಿದರು.

"ಬೀಜ ಕಚ್ಚಿದ್ರೆ ಕಟಕಟ ಅಂತದೆ. ಬಾಯೆಲ್ಲ ಒಗರು, ನಾಲ್ಗೆ ಒಣಗಿ ಮೇಲಕ್ಕೆ ಅಂಟ್ಕತದೆ, ನೀರು ಕುಡುದ್ರೂ ಬುಡಾಕಿಲ್ಲ." ಮೇಡಂ ಎರಡು ಕೈಯನ್ನೂ ಎದೆಯ ಮೇಲೆ ಇಟ್ಟುಕೊಂಡರು.

"ನಮ್ಮತ್ತಿಗೆ ಸೀರೆ ಮೇಲೆ ಒಂದು ಹಣ್ಣು ಬಿತ್ತು ಅಂತ ಊರೆಲ್ಲ ರಂಪ ಮಾಡವ್ಳೆ. ಒಗುದ್ರೂ ಓಯ್ತಾ ಇಲ್ಲ ಬಣ್ಣ."

ಹಿರಿಯರು ಬದುವಿನ ಮೇಲೆ ಕೂತುಬಿಟ್ಟರು. ಎದೆ ನೋವೇನೋ ಎಂದು ನಾನು ಓಡಿದೆ. ಅವರು ಒಂದು ಗೊಂಚಲು ತರಿಸಿ ಬಾಯಿಗೆ ಹಾಕಿಕೊಂಡು ಅಗಿದರು, ಬೀಜ ಕಡಿದರು, ಅಂಗೈ ಮೇಲೆ ಹಿಸುಕಿ ಬಣ್ಣ ನೋಡಿದರು. ಆಮೇಲೆ, "ಶಿರಾಜ್ ಬಗ್ಗೆ ಇಷ್ಟು ದಿನ ಆಡಿದ್ದನ್ನು ವಾಪಸ್ ತೆಗೆದುಕೊಂಡೆ," ಎಂದು ಮೇಡಂಗೆ ಹೇಳಿದರು. ಒಳ್ಳೆಯ ಕೆಂಪು ವೈನಿಗೆ ಏನೇನು ಬೇಕೋ ಅದನ್ನೇ ಈ ಮನುಷ್ಯ ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದಾನೆ, ಒಂದು ಹಣ್ಣೂ ಬಿಡದೆ ಎಲ್ಲವನ್ನೂ ಕಂಪನಿ ತೆಗೆದುಕೊಳ್ಳುತ್ತದೆ, ಪ್ರಯೋಗ ಇಲ್ಲೇ ಮುಂದುವರಿಯುತ್ತದೆ ಎಂದರು. ಅಂದರೆ ನಾನೂ ಇಲ್ಲೇ ಕಾಯಂ.

ನಾನು ಹುಣಸೆ ಮರದ ಹಿಂದಕ್ಕೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ. ಆಚೆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮೂಗು ಒರೆಸಿಕೊಂಡಂತಾಯಿತು. ಆಮೇಲೆ, "ಬತ್ತಾ ಕೊತ್ತಂಬ್ರಿ ಸೊಪ್ಪು ತಕ್ಕಂಡು ಬನ್ನಿ," ಅಂದಳು. ನನಗೂ ಕಣ್ಣು ಮಂಜಾಯಿತು.

ವಾಪಸ್ ಬಂದರೆ ಯಜಮಾನರು ಹಿರಿಯರ ಎರಡೂ ಕೈ ಹಿಡಿದುಕೊಂಡು ನಿಂತಿದ್ದರು. ಅವರ ಕಣ್ಣಲ್ಲೂ ನೀರು.

"ಇಂತಾ ಹಣ್ಣನ್ನೂ ನನ್ ಮುಖ ನೋಡಿ ತಕ್ಕಂಡ್ರಲ್ಲ ಸಾ, ಈ ಉಪಕಾರ ನಾನು ಮರ್ಯಾಕಿಲ್ಲ," ಅಂದರು. "ಮುಂದಿನ ವರ್ಸ ನೋಡ್ತಾ ಇರಿ. ಕೊಟ್ಟಿಗೆ ಗೊಬ್ಬರಕ್ಕೆ ಏಳ್ಬುಟ್ಟಿವ್ನಿ, ಸಂಜಿಕೆ ಟ್ರಾಕ್ಟರು ಬತ್ತದೆ. ಬೋರ್ ಕೊರ್ಸಾಕೆ ನಾಳೆ ನೀರು ನೋಡೋನು ಬತ್ತಾನೆ. ಬಳ್ಳಿಗೆ ಹಗ್ಲೂ ರಾತ್ರೀನೂ ನೀರು ಕಟ್ತೀನಿ. ನಿಂಬೆಕಾಯಂಗೆ ದಪ್ಪ, ಸಕ್ರೆಯಂಗೆ ಸಿಹಿ. ಒಗರು ಅನ್ನೋದು ಒಂದ್ ಚೂರು ಇದ್ರೆ ನನ್ನ ಕೇಳಿ."

ನಾನು ಅವರ ಬಾಯಿ ಮುಚ್ಚಿಸಲು ಓಡುತ್ತಿದ್ದೆ. ಅಷ್ಟರಲ್ಲಿ ಅವರು ಡ್ರೈವರ್ ಕಡೆ ತಿರುಗಿ, "ಇದ್ನೂ ಇಂಗ್ಲೀಸಲ್ಲಿ ಏಳ್ಬುಡಪ್ಪ," ಅಂದರು.