ಚಾಚಾನ ಕಾರಿನ ಹೆಚ್ಚದ ದೀಪ

ಬೆಟಗೇರಿಯಲ್ಲಿ ಗಾಡಿ ವಾಯರಿಂಗ್ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಎಡಕ್ಕೆ ದೀಪ ಹಾಕಿ ಬಲಕ್ಕೆ ಹೋಗುವವರೆಲ್ಲ ಕಡೆಗೆ ನಮ್ಮಲ್ಲಿಗೇ ಬರುತ್ತಾರೆ. ಆದರೆ ಮುಂಡರಗಿಯ ಬಳೆ ವ್ಯಾಪಾರಿ ಚಾಚಾನನ್ನು ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಹಳಹಳಿಯಾಗುತ್ತದೆ.

ಹೆಚ್ಚಿತು

ಮೊದಲ ಸಲ ಬಂದಾಗ ಚಾಚಾ ತಮ್ಮ ಹಳೇ ಕಾರಿನಿಂದ ಇಳಿಯುತ್ತಲೇ, "ತಮ್ಮಾ, ಹಿಂದ ಎಡಗಡೆ ಇಂಡಿಕೇಟರ್ ಬಲ್ಬ್ ಹೆಚ್ಚೈತಿ, ನೋಡು" ಅಂದರು. ನಾನು ಡಿಕ್ಕಿ ತೆಗೆದು, ಬಳೆ ಡಬ್ಬಿಗಳನ್ನು ಸರಿಸಿ, ಹೆಚ್ಚಿನ ಬಲ್ಬ್ ಎಲ್ಲಿದೆ ಎಂದು ಹುಡುಕಿದೆ.

"ಹೆಚ್ಚಿಂದು ಎಲ್ಲೈತ್ರಿ ಚಾಚಾ? ಇದ್ದದ್ದೊಂದೂ ಸುಟ್ಟೈತಿ."

"ಅದನ್ನ ಹೇಳಿದ್ನೆಲ್ಲೋ."

ಬಳೆ ಒಡೆಯಿತು ಅನ್ನುವುದು ಅಪಶಕುನ, ಅದಕ್ಕೆ ಬಳೆಗಾರರು ಹೆಚ್ಚಿತು ಅನ್ನುತ್ತಾರೆ. ಚಾಚಾನಿಗೆ ಬಲ್ಬ್, ಚಹಾದ ಗ್ಲಾಸು ಎಲ್ಲವೂ ಹೆಚ್ಚುತ್ತಿದ್ದವು. ಒಮ್ಮೆ, "ಬೀಗರ ಕೂಡ ಹೆಚ್ಚೈತಿ" ಅಂದರು. ಪ್ರೀತಿ ಹೆಚ್ಚಿತೆಂದು ತಿಳಿದು ನಾನು "ಛಲೋ ಆತ್ರಿ" ಅಂದುಬಿಟ್ಟೆ.

ಬಲ್ಬಿಗೊಂದು ಕಂತು

ಗದಗ ಜಿಲ್ಲೆಯಾಗಿ ಗಾಡಿಗಳಿಗೆ ಹೊಸ ನಂಬರ್ ಬಂದು ವರ್ಷಗಳೇ ಆಗಿದ್ದವು. ಡಂಬಳದ ಕಡೆಯ ರಸ್ತೆ ಮಾತ್ರ ಹಳೆಯದೇ. ಆ ಕುಲುಕಾಟಕ್ಕೆ ಚಾಚಾನ ಬಲ್ಬ್ ಮೇಲಿಂದ ಮೇಲೆ ಹೋಗುತ್ತಿತ್ತು. ಅವರು ಸ್ಟೂಲ್ ಎಳೆದು ಕುಳಿತು ಕಥೆ ತೆಗೆಯುವರು. ಬಲ್ಬ್ ಹತ್ತಿತೆಂದರೆ ಕಥೆ ಅಲ್ಲಿಗೇ ನಿಂತಿತು, ಮುಂದಿನದು ಮುಂದಿನ ಬಲ್ಬಿಗೆ. ನಾನು ಬೇಕಂತಲೇ ಸ್ಕ್ರೂ ನಿಧಾನ ತಿರುಗಿಸುತ್ತಿದ್ದೆ.

ಆ ದಿನ ಡಂಬಳದ ಮದುವೆ ಮನೆಯ ಕಥೆ ನಡೆದಿತ್ತು. ಮದುಮಗಳ ಕೈಗೆ ಯಾವ ಬಳೆಯೂ ಏರುತ್ತಿಲ್ಲ, ತೊಡಿಸಿದ್ದೆಲ್ಲ ಹೆಚ್ಚುತ್ತಿದೆ, ಬೀಗರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. "ಅಷ್ಟರಾಗ ಮೂಲ್ಯಾಗ ಕುಂತಿದ್ದ ಮುದುಕಿ ಎದ್ದು ಬಂದು ನನ್ನ ಕಿವ್ಯಾಗ ಒಂದ ಮಾತ ಹೇಳಿದ್ಲು..."

ಹಾಳಾದ ಬಲ್ಬ್ ಹತ್ತಿತು.

"ಏನ ಹೇಳಿದ್ಲ್ರಿ?"

"ಶಿರಹಟ್ಟಿಗೆ ಹೋಗಾಕ ಹೊತ್ತಾತು" ಅಂದು ಚಾಚಾ ಎದ್ದರು. ಅದು ಮುದುಕಿಯ ಮಾತೆಂದೇ ತಿಳಿದು ನಾನು ಸಂಜೆತನಕ ತಲೆ ಕೆಡಿಸಿಕೊಂಡೆ.

ಓಡುವ ದೀಪ

ಮುಂದಿನ ಸಲ ಚಾಚಾ ಬಂದಾಗ ನನಗೆ ಇಲ್ಲದ ಉಮೇದಿ ಬಂತು. ಗದಗಿನ ಹುಡುಗರೆಲ್ಲ ಕಾರಿನ ಹಿಂದೆ ಎಲ್‌ಇಡಿ ಹಾಕಿಸುತ್ತಿದ್ದರು. "ಸಾಲಾಗಿ ಓಡೋ ಲೈಟ್ ಹಾಕ್ತೀನ್ರಿ ಚಾಚಾ, ಕಾರ್ ಬಿಟ್ಟು ಹೋಗ್ರಿ" ಅಂದೆ. ಅವರು ಬಸ್ಸು ಹತ್ತಿದರು, ಕಥೆಯೂ ಅವರ ಜೊತೆ ಬಸ್ಸು ಹತ್ತಿತು.

ಎಲ್‌ಇಡಿ ಕರೆಂಟು ಕುಡಿಯುವುದು ಬಹಳ ಕಡಿಮೆ. ದೀಪ ಮಿಣುಕಿಸುವ ಹಳೇ ಫ್ಲಾಶರ್, ಬಲ್ಬ್ ಸುಟ್ಟಿದೆ ಎಂದೇ ತಿಳಿದು ಗಾಬರಿಯಿಂದ ಪಟಪಟ ಮಿಣುಕಿಸತೊಡಗಿತು. ಚಾಚಾ ಕಾರು ಒಯ್ದ ಮೇಲೆ ಶಿರಹಟ್ಟಿಯಲ್ಲಿ ಅದನ್ನು ಕಂಡು, ಆಂಬುಲೆನ್ಸ್ ಎಂದು ಬಸ್ಸು ದಾರಿ ಬಿಟ್ಟುಕೊಟ್ಟಿತಂತೆ. ಒಬ್ಬರು ಓಡಿಬಂದು, "ಒಳಗ ಯಾರಿಗೆ ಏನಾಗೇತ್ರಿ?" ಅಂದರಂತೆ.

"ಯಾರಿಗೂ ಏನೂ ಆಗಿಲ್ಲ. ನಾ ಎಡಕ್ಕ ಹೊಂಟೀನಿ, ಅಷ್ಟ."

ಚಾಚಾ ತಿರುಗಿ ಬಂದು ಇದನ್ನು ಹೇಳಿ ನನ್ನನ್ನು ಬೈಯುವುದರಲ್ಲೇ ಆ ಭೇಟಿ ಮುಗಿಯಿತು. ಮುದುಕಿ ಹಾಗೇ ಉಳಿದಳು.

ಸದ್ದಿಲ್ಲದ ಫ್ಲಾಶರ್

ಎಲ್‌ಇಡಿಗೆ ಒಪ್ಪುವ ಹೊಸ ಫ್ಲಾಶರ್ ಹಾಕಿದೆ. ಮಿಣುಕು ಹದಕ್ಕೆ ಬಂತು, ಆದರೆ ಟಿಕ್ ಟಿಕ್ ಸದ್ದು ಹೋಯಿತು. ಚಾಚಾ ಗದಗ ಬಿಡುವಾಗ ಹಾಕಿದ ಇಂಡಿಕೇಟರ್ ಆರಿಸುವುದನ್ನೇ ಮರೆತರು. ಹಿಂದೆ ಬೈಕಿನವನೊಬ್ಬ, ಇವರು ಈಗ ಹೊರಳುತ್ತಾರೆ, ಆಗ ಹೊರಳುತ್ತಾರೆ ಎಂದು ಕಾದು ಕಾದು, ಲಕ್ಷ್ಮೇಶ್ವರದಲ್ಲಿ ಅಡ್ಡ ಬಂದು ನಿಂತನಂತೆ.

"ಚಾಚಾ, ಯಳವತ್ತಿ ಹಳ್ಳಿ ಹಿಂದ ಹೋತು, ಲಕ್ಷ್ಮೇಶ್ವರನೂ ಬಂತು. ಹೊಳ್ಳತೀರೋ ಇಲ್ಲೋ?"

"ಹೊಳ್ಳತೀನಂತ ನಿನಗ ಯಾರ ಹೇಳಿದ್ರಪಾ?"

ಅದಕ್ಕೂ ಬೈಸಿಕೊಂಡು, ಕುಂಯ್ ಕುಂಯ್ ಅನ್ನುವ ಬಜರ್ ಕೂಡಿಸಿದೆ. ಕೆಲಸ ಅಷ್ಟು ಚೆನ್ನಾಗಿ ಬಂದದ್ದು ನನ್ನ ಜನ್ಮದಲ್ಲೇ ಇಲ್ಲ. ಚಾಚಾ ಬೆನ್ನು ತಟ್ಟಿ ಹೋದರು. ಮತ್ತೆ ಬರಲಿಲ್ಲ.

ಮುಂಡರಗಿ

ಮಳೆಗಾಲ ಹೋಯಿತು, ಚಳಿಗಾಲ ಬಂತು. ಸ್ಟೂಲ್ ಮೇಲೆ ವಾಯರ್ ಸುರುಳಿ ಕುಳಿತವು. ಚಾಚಾನಿಗೆ ಮೈ ಹುಷಾರಿಲ್ಲವೇನೋ ಎಂದು ಮನಸ್ಸು ತಡೆಯದೆ ಮುಂಡರಗಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿಯ ಮುಂದೆ ಆ ಕಾರು ನಿಂತಿತ್ತು. ಚಾಚಾ ಕಲ್ಲಿನಂತೆ ಗಟ್ಟಿಯಾಗಿ ಖುರ್ಚಿಯಲ್ಲಿ ಕುಳಿತು ಕಥೆ ಹೇಳುತ್ತಿದ್ದರು. ಪಂಚರಿನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಹಿಡಿದು, ಗುಳ್ಳೆ ನೋಡುವುದು ಬಿಟ್ಟು ಅವರ ಬಾಯಿ ನೋಡುತ್ತಿದ್ದ.

"ಅಂಗಡಿ ಮರತಬಿಟ್ರೆಲ್ರಿ ಚಾಚಾ."

"ಹೆಂಗ ಬರಲೋ ತಮ್ಮಾ? ನಿನ್ನ ಲೈಟ್ ಹೆಚ್ಚವಲ್ದು. ದೇವರ ದಯಾ, ಟೈರ್ ಹೆಚ್ಚತಾವ."

"ಹಳೇ ಬಲ್ಬ್ ತಿರುಗಿ ಹಾಕ್ತೀನ್ರಿ. ಡಂಬಳದ ಮುದುಕಿ ಏನ ಹೇಳಿದ್ಲು, ಅದನ್ನರ ಹೇಳ್ರಿ."

ಚಾಚಾ ಪಂಚರಿನವನ ಕಡೆ ನೋಡಿ ದನಿ ತಗ್ಗಿಸಿದರು. "ಈತನ್ನ ಇನ್ನಾ ಮದಿವಿ ಮನಿ ಬಾಗಲದಾಗ ನಿಂದ್ರಿಸೀನಿ. ಈಗ ಹೇಳಿದ್ರ ಈತನ ಕಥಿ ಹೆಚ್ಚತೈತಿ."

ಅಷ್ಟರಲ್ಲಿ ಟೈರಿಗೆ ಗಾಳಿ ತುಂಬಿತು, ಚಾಚಾ ಎದ್ದು ಹೊರಟೇಬಿಟ್ಟರು. ಬೀದಿಯ ಮೂಲೆಯಲ್ಲಿ ಕಾರು ಹೊರಳುವಾಗ ಎಡಗಡೆಯ ದೀಪ, ನಾನು ಹಾಕಿದ್ದೇ, ಸಾಲಾಗಿ ಚೆಂದ ಓಡಿತು.

ನಾನು ಪಂಚರಿನವನ ಹತ್ತಿರ ಕುಳಿತು ಅಂದೆ: "ತಮ್ಮಾ, ನನ್ನ ಮಾತ ಕೇಳು. ಇವರ ಮುಂದ ಟ್ಯೂಬ್‌ಲೆಸ್ ಟೈರಿನ ಸುದ್ದಿ ಎತ್ತಬ್ಯಾಡ."